ಅತ್ತೆಯ ಬಿತ್ತನೆ ರಾಗಿ, ಜಿನೀವಾದ ಕರಡು

ಡಂಕಲ್ ಅನ್ನುವ ಹೆಸರು ಗುಬ್ಬಿ ಸೀಮೆಯ ನಮ್ಮೂರಿಗೆ ಬಂದದ್ದು ಕರಪತ್ರದಲ್ಲಿ. ರೈತಸಂಘದವರು ಒಂದು ಸಂಜೆ ಅರಳಿಕಟ್ಟೆಯ ಹತ್ತಿರ ಜೀಪು ನಿಲ್ಲಿಸಿ ಹಂಚಿ ಹೋದರು. ಚಿಕ್ಕಪ್ಪ ಅದನ್ನು ಮನೆಗೆ ತಂದು, ಊಟವಾದ ಮೇಲೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಓದಿದರು. ಗ್ಯಾಟ್ ಎಂಬ ವ್ಯಾಪಾರ ಒಪ್ಪಂದದ ಮಹಾನಿರ್ದೇಶಕ ಆರ್ಥರ್ ಡಂಕಲ್ 1991ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಮುಂದಿಟ್ಟ ಕರಡಿನ ವಿಷಯ. 1986ರಲ್ಲಿ ಉರುಗ್ವೆಯಲ್ಲಿ ಶುರುವಾದ ಮಾತುಕತೆ ವರ್ಷಗಟ್ಟಲೆ ಎಳೆದಾಡಿತ್ತು. ಕೊನೆಗೆ ವ್ಯವಸಾಯ, ಪೇಟೆಂಟು, ಸೇವೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ, ಒಪ್ಪುವುದಾದರೆ ಇಡಿಯಾಗಿ ಒಪ್ಪಿ ಎಂದು ದೇಶಗಳ ಮುಂದಿಟ್ಟಿದ್ದರು.

ತಾತ ಎಲೆ ಅಡಿಕೆ ಅಗಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ನಮ್ ಕೊಬ್ರಿ ರೇಟು ತಿಪಟೂರಲ್ಲಿ ಕೂಗ್ತಾರೆ. ಆ ಜಿನೀವಾದೋರಿಗೂ ನಮಗೂ ಏನ್ಲಾ ಸಂಬಂಧ?"

ಚಿಕ್ಕಪ್ಪ ಕೊಬ್ಬರಿಯ ಮಾತು ಬಿಟ್ಟು ಬೀಜದ ಮಾತು ಹಿಡಿದರು. ನಮ್ಮ ಮನೆಯಲ್ಲಿ ಬೀಜ ಅಂದರೆ ಕುಣಿಗಲ್ ಕಡೆಗೆ ಕೊಟ್ಟಿದ್ದ ಸೋದರತ್ತೆ. ಸುಗ್ಗಿಯಲ್ಲಿ ಅವರು ಹೊಲಕ್ಕಿಳಿದರೆ ಕಣ್ಣು ತೆನೆಗಳ ಮೇಲೇ. ತುಂಬಿದ, ರೋಗವಿಲ್ಲದ ರಾಗಿ ತೆನೆಗಳನ್ನು ಬೇರೆಯಾಗಿ ಕೊಯ್ದು, ಕೈಯಲ್ಲೇ ಬಡಿದು, ಬಿಸಿಲು ಕಾಣಿಸಿ, ಲಕ್ಕಿ ಸೊಪ್ಪಿನ ಜೊತೆ ತುಂಬಿಡುವರು. ಅವರೆ, ತೊಗರಿ ಬೀಜಕ್ಕೆ ಒಲೆಯ ಬೂದಿ ಬೆರೆಸಿ ಮಡಕೆಯ ಬಾಯಿಗೆ ಸಗಣಿ ಮೆತ್ತುವರು. ಮುಂಗಾರು ಹತ್ತಿರವಾದರೆ ನೆಂಟರಿಷ್ಟರು ಸೇರು ಹಿಡಿದು ಬರುತ್ತಿದ್ದರು. ಒಯ್ದವರು ಸುಗ್ಗಿಯಲ್ಲಿ ಒಂದಿಷ್ಟು ಹೆಚ್ಚಿಗೆ ಸೇರಿಸಿ ಹಿಂದಕ್ಕೆ ಕೊಡುವುದು ವಾಡಿಕೆ. ಸಸ್ಯ ತಳಿಗೂ ಯಾವುದಾದರೊಂದು ಬಗೆಯ ಒಡೆತನದ ರಕ್ಷಣೆ ಕೊಡಲೇಬೇಕೆಂದು ಆ ಕರಡು ಹೇಳುತ್ತಿತ್ತು. ಅತ್ತೆಗೆ ಇದು ತಲೆಗೆ ಹೋಗಲೇ ಇಲ್ಲ. "ಬಿತ್ನೆ ಬೀಜಕ್ಕೂ ಯಜಮಾನ ಬರ್ತಾನಾ?" ಎಂದು ಚಿಕ್ಕಪ್ಪನನ್ನು ಮತ್ತೆ ಮತ್ತೆ ಕೇಳಿದರು.

1992ರ ಡಿಸೆಂಬರ್ 29ರಂದು ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟಾಗ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. ಕಾಗದ ಸುಡುವ ಚಳವಳಿ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ಆದರೆ ಮರುವರ್ಷ ಅಕ್ಟೋಬರಿನ ಬೀಜ ಸತ್ಯಾಗ್ರಹಕ್ಕೆ ನಾನೂ ಲಾರಿ ಹತ್ತಿದೆ. ಗುಬ್ಬಿಯಿಂದ ಹೊರಟು ತುಮಕೂರು ದಾಟುವಷ್ಟರಲ್ಲಿ ಹಿಂದೆ ಮುಂದೆ ಹಸಿರು ಶಾಲುಗಳ ಲಾರಿಗಳೇ. ನೆಲಮಂಗಲದಲ್ಲಿ ಕುಣಿಗಲ್ ರಸ್ತೆಯ ಗಾಡಿಗಳೂ ಬಂದು ಕೂಡಿಕೊಂಡವು. ಒಂದರಲ್ಲಿ ನಮ್ಮ ಅತ್ತೆ! ಮಡಿಲಲ್ಲಿ ಬುತ್ತಿಗಂಟು, ಸೊಂಟದಲ್ಲಿ ಒಂದು ಹಿಡಿ ಬಿತ್ತನೆ ರಾಗಿ ಕಟ್ಟಿಕೊಂಡ ಬಟ್ಟೆ. ಸಂಘದ ನಾಯಕ ಪ್ರೊಫೆಸರ್ ನಂಜುಂಡಸ್ವಾಮಿಯವರಿಗೆ ತೋರಿಸಬೇಕು ಅಂದರು. ಕಬ್ಬನ್ ಪಾರ್ಕಿನ ಆ ಲಕ್ಷಾಂತರ ಜನರ ನಡುವೆ ಅವರ ಹತ್ತಿರ ಹೋಗುವುದೆಲ್ಲಿ ಬಂತು! ದೂರದಲ್ಲಿ ನಿಂತು ಮೈಕಿನ ದನಿ ಕೇಳಿದೆವು, ಅಷ್ಟೆ. ಕಾನೂನು ಓದಿದ ಆ ಮನುಷ್ಯ ಜಿನೀವಾದ ಕರಡನ್ನು ಹಳ್ಳಿಯವರ ಎದುರು ಬಿಡಿಸಿಟ್ಟದ್ದನ್ನು ನಾನು ಯಾವತ್ತೂ ದೊಡ್ಡ ಕೆಲಸವೆಂದೇ ತಿಳಿದಿದ್ದೇನೆ. ನಮ್ಮನ್ನು ಆಳುವ ಕಟ್ಟಳೆಯನ್ನು ಯಾರೋ ಕೂತು ಬರೆದಿದ್ದಾರೆ, ಅದನ್ನು ಪ್ರಶ್ನಿಸಬಹುದು ಎನ್ನುವುದು ನಮ್ಮ ಮನೆಯವರಿಗೆ ಗೊತ್ತಾದದ್ದೇ ಅವರಿಂದ.

ಸಹಿ ಮಾತ್ರ ನಿಲ್ಲಲಿಲ್ಲ. 1994ರ ಏಪ್ರಿಲ್‌ನಲ್ಲಿ ಮರಾಕೆಶ್‌ನಲ್ಲಿ ಒಪ್ಪಂದವಾಯಿತು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ತಾತನ ಪ್ರಶ್ನೆಗೆ ಉತ್ತರ ಬಂದದ್ದು ಆಮೇಲೆ. ಸೋಯಾ ಎಣ್ಣೆಗೆ ಶೇ. 45ರ ಮೇಲೆ ಆಮದು ಸುಂಕ ಹಾಕುವುದಿಲ್ಲವೆಂದು ಭಾರತ ಮಾತು ಕೊಟ್ಟಿತ್ತು. ತಾಳೆ ಎಣ್ಣೆಗೆ ಶೇ. 300ರವರೆಗೂ ಹಾಕಬಹುದಿತ್ತು. ಆದರೆ 1998ರಲ್ಲಿ ದೆಹಲಿಯೇ ಅದನ್ನು ಶೇ. 15ಕ್ಕೆ ಇಳಿಸಿತು. ಹಾಗಾಗಿ ಎಲ್ಲವನ್ನೂ ಜಿನೀವಾದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅಗ್ಗದ ಎಣ್ಣೆ ಬಂದು ಶಿರಾ, ಪಾವಗಡದ ಕಡಲೆಕಾಯಿಯವರಿಗೆ ಪೆಟ್ಟು ಬಿತ್ತು. ನಮ್ಮದು ತಿನ್ನುವ ಉಂಡೆ ಕೊಬ್ಬರಿ, ಉತ್ತರದ ಸಿಹಿತಿಂಡಿಗೆ ಹೋಗುವಂಥದ್ದು, ಎಣ್ಣೆಯ ಗೊಡವೆ ಅದಕ್ಕಿಲ್ಲ ಎಂದುಕೊಂಡಿದ್ದೆವು. ತೆಂಗಿನ ಬೆಲೆಯೇ ಬಿದ್ದಾಗ ಅದೂ ಉಳಿಯಲಿಲ್ಲ. ತೋಟಕ್ಕೆ ನುಸಿ ಪೀಡೆ ಬಂದದ್ದೂ ಅದೇ ಕಾಲಕ್ಕೆ. ವರ್ಷವಿಡೀ ಅಟ್ಟದಲ್ಲಿಟ್ಟು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುವಂತೆ ಒಣಗಿದ್ದ ಕಾಯಿಗಳನ್ನು ತಾತ ಇಳಿಸುವುದಕ್ಕೇ ಒಪ್ಪಲಿಲ್ಲ. ಸುಲಿಯುವ ಕೂಲಿಯೂ ಹುಟ್ಟುವುದಿಲ್ಲ ಅಂದರು.

ಬೀಜದ ಮಾತು ಬೇರೆಯೇ ಆಯಿತು. ಸಸ್ಯ ತಳಿ ರಕ್ಷಣೆಗೆ ದೇಶಗಳು ತಮ್ಮದೇ ಕಾನೂನು ಮಾಡಿಕೊಳ್ಳಬಹುದೆಂಬ ಒಂದು ಸಂದು ಒಪ್ಪಂದದಲ್ಲಿತ್ತು. ಅದನ್ನು ಬಳಸಿ 2001ರಲ್ಲಿ ನಮ್ಮ ಸಂಸತ್ತು ತಳಿ ರಕ್ಷಣೆಯ ಜೊತೆಗೆ ರೈತರ ಹಕ್ಕನ್ನೂ ಸೇರಿಸಿ ಕಾಯ್ದೆ ಮಾಡಿತು. ಅದರ 39ನೇ ಕಲಮಿನ ಪ್ರಕಾರ ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರಲ್ಲಿ ಮಾರುವಂತಿಲ್ಲ, ಅಷ್ಟೆ. ಬೀದಿಗಿಳಿದ ಆ ಜನ ಇರದಿದ್ದರೆ ಆ ಕಲಮು ಇರುತ್ತಿತ್ತೆಂದು ನಾನು ನಂಬುವುದಿಲ್ಲ. ಚಿಕ್ಕಪ್ಪ ಕುಣಿಗಲ್‌ಗೆ ಹೋಗಿ ಅತ್ತೆಗೆ ಅದನ್ನು ಓದಿ ಹೇಳಿದರು. "ನಾವ್ ಮಾಡ್ತಿದ್ದುದನ್ನೇ ಬರ್ದವ್ರೆ ಬಿಡು" ಅಂದು ಅತ್ತೆ ಮುದ್ದೆಗೆ ಎಸರಿಟ್ಟರು.

2019ರಲ್ಲಿ ಆರ್‌ಸಿಇಪಿ ಎಂಬ ಇನ್ನೊಂದು ವ್ಯಾಪಾರ ಒಪ್ಪಂದ ಬಂದಾಗ ಡೇರಿಗೆ ಹಾಲು ಹಾಕುವ ಹೆಂಗಸರ ಬಾಯಲ್ಲೂ ನ್ಯೂಜಿಲೆಂಡ್ ಹಾಲಿನ ಮಾತಿತ್ತು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು. ಚಿಕ್ಕಪ್ಪ ಅಷ್ಟಕ್ಕೇ ಸುಮ್ಮನಾಗಲಿಲ್ಲ. ವ್ಯವಸಾಯ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ, ಹೊರದೇಶದ ಒಪ್ಪಂದಕ್ಕೆ ಸಹಿ ಹಾಕುವುದು ಮಾತ್ರ ಕೇಂದ್ರ ಸರ್ಕಾರ, ಅದಕ್ಕೆ ಮೊದಲು ಸಂಸತ್ತಿನ ಒಪ್ಪಿಗೆ ಕೇಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಸಹಿಗೆ ಮುಂಚೆ ಕರಡು ಕನ್ನಡದಲ್ಲಿ ಬರಬೇಕು, ವಿಧಾನಸಭೆಯಲ್ಲಿ ಚರ್ಚೆಯಾಗಬೇಕು ಎಂದು ತುಮಕೂರಿನ ಸಭೆಗಳಲ್ಲಿ ಅವರು ಇವತ್ತಿಗೂ ಎದ್ದು ನಿಂತು ಕೇಳುತ್ತಾರೆ.