ಗಿರಣಿ ಗುಮಾಸ್ತರ ಗಣಿತ

ನಿಡೋಣಿಯ ರೈತನೊಬ್ಬ 91 ಲಿಂಬೆ ಸಸಿ ತಂದನೆನ್ನಿ. ಸಾಲಿಗೆ 13ರಂತೆ ಏಳು ಸಾಲು ನೆಟ್ಟರೆ ತೋಟ ಒಪ್ಪವಾಗಿ ನಿಲ್ಲುತ್ತದೆ. ಅದೇ 97 ತಂದನೋ, ಪೇಚಾಟ ಶುರು. ಸಾಲಿಗೆ ಎಷ್ಟರಂತೆ ನೆಟ್ಟರೂ ಕಡೆಗೆ ಒಂದಾದರೂ ಸಸಿ ಕೈಯಲ್ಲಿ ಉಳಿಯುತ್ತದೆ. ಇಲ್ಲವೇ ಎಲ್ಲವನ್ನೂ ಒಂದೇ ಸಾಲಿಗೆ ನೆಡಬೇಕು. ಹೀಗೆ ಸಮಪಾಲಿಗೆ ಒಗ್ಗದ್ದೇ ಅವಿಭಾಜ್ಯ ಸಂಖ್ಯೆ. ಚಿಕ್ಕದಾದರೆ ಏಳನೆಯ ಇಯತ್ತೆಯ ಹುಡುಗನೂ ಪತ್ತೆ ಹಚ್ಚಿಯಾನು. ದೊಡ್ಡ ಸಂಖ್ಯೆಗಳ ಕಾಡು ಹೊಕ್ಕಮೇಲೆ ಅವು ಎಲ್ಲಿ ಅಡಗಿವೆಯೆಂದು ಹೇಳುವುದು ಘಟಾನುಘಟಿಗಳಿಗೂ ಕಷ್ಟ.

ಆ ಕಾಡಿನಲ್ಲಿ ಆಯುಷ್ಯ ಸವೆಸಿದ ಕನ್ನಡಿಗರು ಕೆ. ರಾಮಚಂದ್ರ. 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ಹದಿಮೂರನೆಯ ವಯಸ್ಸಿಗೇ ತಂದೆ ತೀರಿಕೊಂಡರು. ತಾಯಿ ಹೊಲದ ಮೇಲೆ ಸಾಲ ತೆಗೆದು ಓದಿಸಿದರು. ಬಹುಮಾನವಾಗಿ ಬಂದ ರಾಮಾನುಜನ್ ಜೀವನಚರಿತ್ರೆ ಹುಡುಗನಿಗೆ ಗಣಿತದ ಹುಚ್ಚು ಹಿಡಿಸಿತು. ಹುಚ್ಚಿನಿಂದ ಹೊಟ್ಟೆ ತುಂಬೀತೇ? ಗಣಿತದ ಸ್ನಾತಕೋತ್ತರ ಪದವಿ ಇದ್ದೂ ಮಿನರ್ವ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡಬೇಕಾಯಿತು.

ಅವರ ಕಾಲೇಜಿನ ಪ್ರಾಂಶುಪಾಲರ ಕಾರಿನ ನಂಬರು 3430 ಆಗಿತ್ತಂತೆ. ಅದನ್ನೇ ಮೆಲುಕು ಹಾಕುತ್ತ ಹಾಕುತ್ತ ರಾಮಚಂದ್ರರು ಪಕ್ಕದ 3435ಕ್ಕೆ ಬಂದು ನಿಂತರು. ಅದರ ಒಂದೊಂದು ಅಂಕಿಗೂ ಆ ಅಂಕಿಯದೇ ಘಾತ ಕೊಟ್ಟು ಕೂಡಿಸಿ: 27, 256, 27, 3125. ಮೊತ್ತ ಮತ್ತೆ 3435! ಸೊನ್ನೆಯಿಲ್ಲದ ಸಂಖ್ಯೆಗಳಲ್ಲಿ 1ನ್ನು ಬಿಟ್ಟರೆ ಈ ಗುಣ ಇದೊಂದಕ್ಕೇ. ಕಾರು ಕಂಡರೆ ಉಳಿದವರು ಬಣ್ಣ ನೋಡುತ್ತಾರೆ.

1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಮೇಲೆ ಅವರಿಗೆ ಬಯಲು ಸಿಕ್ಕಿತು. ಒಂದು ಹಳೆಯ ತೊಡಕಿದೆ. ಒಂದು ದೊಡ್ಡ ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟೇ ಹೆಜ್ಜೆ ನಡೆದರೆ ದಾರಿಯಲ್ಲಿ ಅವಿಭಾಜ್ಯವೊಂದು ಎದುರಾದೀತೇ? 10,000ದಿಂದ ನೂರು ಹೆಜ್ಜೆ ಹಾಕಿದರೆ 10,007 ಸಿಗುತ್ತದೆ. ಆದರೆ ಎಲ್ಲ ಕಡೆಯೂ ಹೀಗೇ ಎಂದು ಯಾರೂ ಸಾಧಿಸಿಲ್ಲ. ಇಡೀ ರೊಟ್ಟಿ ಸಿಗದಿದ್ದರೆ ಚೂರಾದರೂ ಆಗಲಿ ಎನ್ನುವಂತೆ ರಾಮಚಂದ್ರರು ಬೇರೆ ಪ್ರಶ್ನೆ ಹಾಕಿಕೊಂಡರು: ಆ ದಾರಿಯಲ್ಲಿ ಭಾರಿ ಅವಿಭಾಜ್ಯವೊಂದನ್ನು ಅಪವರ್ತನವಾಗಿ ಒಡಲಲ್ಲಿಟ್ಟುಕೊಂಡ ಸಂಖ್ಯೆಯಾದರೂ ಇರಲೇಬೇಕಲ್ಲವೇ?

1969ರಲ್ಲಿ ಲಂಡನ್ ಗಣಿತ ಸಂಘದ ಪತ್ರಿಕೆಯಲ್ಲಿ ಉತ್ತರ ಬಂತು. ಅದರ ಪ್ರಮಾಣವನ್ನು ಅಂಕಿಗಳ ಲೆಕ್ಕದಲ್ಲಿ ಹೀಗೆ ಹೇಳಬಹುದು. 26 ಅಂಕಿಯ ಸಂಖ್ಯೆಯ ವರ್ಗಮೂಲಕ್ಕೆ 13 ಅಂಕಿ. ರಾಮಚಂದ್ರರು ಖಾತ್ರಿ ಮಾಡಿಕೊಟ್ಟ ಅವಿಭಾಜ್ಯ ಅಪವರ್ತನಕ್ಕೆ ಸುಮಾರು 15. ಸಂಖ್ಯೆ ಸಾಕಷ್ಟು ದೊಡ್ಡದಿರಬೇಕೆಂಬ ಷರತ್ತು ಉಂಟು. ಮರುವರ್ಷ ಅವರೇ ಅದನ್ನು 16ಕ್ಕೆ ಏರಿಸಿದರು. ಎರಡು ಮೂರು ಅಂಕಿಗೆ ಇಷ್ಟೆಲ್ಲ ಬೆವರೇ ಎಂದು ನಗುವವರು ನಗಲಿ. ಗುಣಿಸಿ ನೋಡಿ ಹೇಳುವ ಮಾತಲ್ಲ ಇದು, ಯಾರೂ ಗುಣಿಸಿ ಮುಗಿಸಲಾರದ ಸಂಖ್ಯೆಗಳಿಗೂ ಅನ್ವಯಿಸುವ ಮಾತು.

1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ರಾಮಚಂದ್ರರು 'ಹಾರ್ಡಿ-ರಾಮಾನುಜನ್ ಜರ್ನಲ್' ಆರಂಭಿಸಿದರು. ನಿವೃತ್ತಿಯ ನಂತರ ಬೆಂಗಳೂರಿಗೆ ಮರಳಿ, 2011ರ ಜನವರಿಯಲ್ಲಿ ತೀರಿಕೊಂಡರು. ಅವರ 16ನ್ನು ಆಮೇಲೆ ಬಂದವರು 19ರ ತನಕ ಎಳೆದಿದ್ದಾರೆ. 26ನ್ನು ಮುಟ್ಟಿದರೆ ಅದು ಅಪವರ್ತನವಲ್ಲ, ಅವಿಭಾಜ್ಯವೇ ಸಿಕ್ಕಂತೆ. ಅಲ್ಲಿಗೆ ಇನ್ನೂ ಏಳು ಅಂಕಿ ಬಾಕಿ.