ನಾವೆಲ್ಲ ಇಳಿದಿದ್ದ ಪಾಯ

ಹೋದ ತಿಂಗಳು ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಮೇಲೊಂದು ಮಹಡಿ ಎಬ್ಬಿಸೋಣ ಅಂತಿದೀನಿ. ಪಾಯ ತಡೆಯುತ್ತಾ ಅಂತ ಇಂಜಿನಿಯರು ಮೂಲೆ ಅಗೆಸಿ ನೋಡ್ತಾರಂತೆ. ನೀನೂ ಬಾ" ಅಂದ. ಯಾವ ಮೂಲೆ ಎಂದು ಕೇಳಿದೆ. "ಈಶಾನ್ಯ" ಅಂದ. ಅಷ್ಟು ಸಾಕಾಯಿತು. 1986ರ ಮಾಘ ಮಾಸ ಹಸಿ ಮಣ್ಣಿನ ವಾಸನೆ ಸಮೇತ ಕಣ್ಣೆದುರಿಗೆ ಬಂತು.

ತುಮಕೂರಿನ ಅಂಚಿನಲ್ಲಿ ನಮ್ಮದು 30–40ರ ಸೈಟು. ಸುತ್ತ ಕೊಯ್ಲು ಮುಗಿದ ರಾಗಿ ಹೊಲದ ಕೂಳೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಕ್ಕನಿಗೆ ಆಗ ಹದಿನಾಲ್ಕು, ನನಗೆ ಹತ್ತು, ತಮ್ಮನಿಗೆ ಆರು. ಅಲ್ಲಿಯವರೆಗೆ ಬಾಡಿಗೆ ವಠಾರದ ಒಂದೂವರೆ ಕೋಣೆಯಲ್ಲಿ ಬೆಳೆದವರು ನಾವು. ಗುದ್ದಲಿ ಪೂಜೆಯ ದಿನ ಈಶಾನ್ಯದಲ್ಲಿ ಹಾಲು ತುಪ್ಪ ಬಿಟ್ಟು, ನವಧಾನ್ಯ ಹಾಕಿ, ಅಮ್ಮ ಅರಿಸಿನ ಕುಂಕುಮ ಇಟ್ಟ ಗುದ್ದಲಿಯಿಂದ ಅಪ್ಪ ಮೂರು ಏಟು ಹಾಕಿದರು.

ಮರುದಿನ ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿದರು. ಮೂಲೆ ಸರಿಯಾಗಿದೆಯೇ ಎಂದು ನೋಡಲು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಅಡ್ಡಕ್ಕೆ ಟೇಪು ಹಿಡಿದರು. ಸರಿಯಾಗಿ 5 ಅಡಿ. ಶಾಲೆಯ ಮೆಟ್ಟಿಲು ಹತ್ತದ ಅವರ ಕೈಯಲ್ಲಿ ತಮ್ಮ ಕರಿಹಲಗೆಯ ಪ್ರಮೇಯವನ್ನು ಕಂಡ ಅಪ್ಪನ ಮುಖ ಅರಳಿತು. "ನೋಡ್ರೋ, ಶುಲ್ಬ ಅಂದ್ರೆ ಹಗ್ಗ. ಯಜ್ಞವೇದಿಗೆ ಹೀಗೇ ಹಗ್ಗ ಹಿಡಿದು ಅಳೆಯೋದು ಹೇಗೆ ಅಂತ ಶುಲ್ಬಸೂತ್ರದಲ್ಲಿ ಬರೆದಿಟ್ಟಿದಾರೆ" ಎಂದರು. ಆ ಕ್ಷಣದಿಂದ ಇಬ್ಬರಿಗೂ ಸ್ನೇಹ. ಇವರು "ಮೇಸ್ತ್ರಿ" ಅಂದರೆ ಅವರು "ಮೇಷ್ಟ್ರೇ" ಅನ್ನುವರು.

ದಾರದ ಗುಂಟ ಸುಣ್ಣದ ಪುಡಿ ಚೆಲ್ಲಿದಾಗ ನಮಗೆ ಮನೆಯೇ ಸಿಕ್ಕಂತಾಯಿತು. ಅಮ್ಮ ಅಡುಗೆಮನೆಯ ಗೆರೆಯೊಳಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತು, "ಒಲೆ ಇಲ್ಲಿ" ಅಂದಳು. ಬಾಗಿಲು ಬರುವ ಜಾಗದಲ್ಲಷ್ಟೇ ಓಡಾಡಬೇಕು, ಗೋಡೆ ದಾಟಬಾರದು ಎಂದು ಅಕ್ಕ ನಮಗೆ ಕಟ್ಟಪ್ಪಣೆ ಮಾಡಿದಳು.

ಮೂರೂವರೆ ಅಡಿಗೆ ಎಲ್ಲ ಕಡೆ ಗಟ್ಟಿನೆಲ ಸಿಕ್ಕಿತು. ಮೇಸ್ತ್ರಿ ಹಾರೆ ಎತ್ತಿ ಕುಟ್ಟಿದರೆ ಠಣ್ ಎನ್ನುತ್ತಿತ್ತು. ಈಶಾನ್ಯದಲ್ಲಿ ಮಾತ್ರ ಸದ್ದಿಲ್ಲದೆ ಒಳಗಿಳಿಯಿತು. ಅಗೆದಂತೆಲ್ಲ ಬೂದಿ, ಮಡಕೆ ಚೂರು. ಯಾವ ಕಾಲದಲ್ಲೋ ಮುಚ್ಚಿದ ತಿಪ್ಪೆಗುಂಡಿ. ಗಟ್ಟಿನೆಲ ಬಂದದ್ದು ಆರಡಿಗೆ. ಅಷ್ಟು ಕಲ್ಲು, ಅಷ್ಟು ಗಾರೆ ಅಪ್ಪನ ಲೆಕ್ಕದಲ್ಲಿರಲಿಲ್ಲ. ಸಿಮೆಂಟಿನ ಮೇಲಿನ ಸರ್ಕಾರಿ ನಿಯಂತ್ರಣ ಪೂರ್ತಿ ಹೋದದ್ದು 1989ರಲ್ಲಿ. ಆಗಿನ್ನೂ ಒಂದಷ್ಟು ಪರ್ಮಿಟ್ಟಿನ ಮೂಟೆ, ಉಳಿದದ್ದು ಪೇಟೆಯ ದುಬಾರಿ ಮೂಟೆ. ಮೇಲೆ ಸ್ವಲ್ಪ ಗಟ್ಟಿಮಣ್ಣು ತುಂಬಿ ಮುಗಿಸಿ ಎಂದು ನೆರೆಯವರು ಹೇಳಿದರು. ಮೇಸ್ತ್ರಿ ಅಪ್ಪನ ಕಡೆ ತಿರುಗಿ, "ಮೇಷ್ಟ್ರೇ, ಪಾಯ ಮುಚ್ಚಿದ ಮೇಲೆ ಯಾರೂ ನೋಡಕ್ಕೆ ಬರಲ್ಲ. ಅದಕ್ಕೇ ನಾವೇ ನೋಡ್ಕೋಬೇಕು" ಎಂದರು. ಅಂದು ರಾತ್ರಿ ಲಾಟೀನಿನ ಮುಂದೆ ಅಪ್ಪ ಅಮ್ಮ ಬಹಳ ಹೊತ್ತು ಕೂತಿದ್ದರು. ರೆಡ್ ಆಕ್ಸೈಡ್ ನೆಲಕ್ಕೆಂದು ಎತ್ತಿಟ್ಟಿದ್ದ ದುಡ್ಡು ಆ ಮೂಲೆಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ಬೋಳು ಸಿಮೆಂಟಿನ ಮೇಲೇ ಅಮ್ಮ ರಂಗೋಲಿ ಹಾಕಿದಳು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ದಪ್ಪ ಜಲ್ಲಿಯ ಕಾಂಕ್ರೀಟು ಬಿದ್ದ ಮೇಲೆ ಸೈಜುಗಲ್ಲಿನ ಲಾರಿ ಬಂತು. ಮೇಸ್ತ್ರಿ ಪ್ರತಿ ಕಲ್ಲನ್ನೂ ಹೊರಳಿಸಿ, ಚಪ್ಪಟೆ ಮುಖ ಕೆಳಗೆ ಮಾಡಿ ಕೂರಿಸುವರು. ಕೆಳಸಾಲಿನ ಸಂದಿನ ಮೇಲೆ ಮೇಲುಸಾಲಿನ ಸಂದು ಬರಕೂಡದು. ಅಲ್ಲಲ್ಲಿ ಗೋಡೆಯ ಅಗಲಕ್ಕೂ ಒಂದೇ ಉದ್ದ ಕಲ್ಲು ಅಡ್ಡ ಹಾಕಿ ಎರಡು ಮೈಯನ್ನೂ ಹಿಡಿದು ಕಟ್ಟುವರು. ಸಂದಿಗೆ ಬರೀ ಗಾರೆ ತುಂಬಿದರೆ ಅವರಿಗೆ ಸಿಟ್ಟು. ಕಲ್ಲಿನ ಚಕ್ಕೆ ಬಡಿದು ಬಿಗಿಯಬೇಕು. ಶಾಲೆ ಬಿಟ್ಟೊಡನೆ ಓಡಿಬಂದು ಚಕ್ಕೆ ಆರಿಸಿ ಕೊಡುವುದೇ ನಮ್ಮ ಕೆಲಸ. ಪಾಯದ ತಲೆ ಮಟ್ಟ ನೋಡುವಾಗ ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಅಕ್ಕನ ಕೈಲಿ, ಇನ್ನೊಂದು ನನ್ನ ಕೈಲಿ. ಒಳಗೆ ಗುಳ್ಳೆ ಸೇರದಂತೆ ಕಾಯುವುದು ತಮ್ಮನ ಪಾಲು. ಸಂಜೆ ಕಲ್ಲುಕಟ್ಟಡದ ಮೇಲೆ ಗೋಣಿಚೀಲ ಹೊದಿಸಿ ಐದೂ ಜನ ಕೊಡಕೊಡ ನೀರು ಹೊಯ್ಯುತ್ತಿದ್ದೆವು. ಅಮ್ಮ ತಂದ ಮುದ್ದೆ, ಅವರೆಕಾಳಿನ ಸಾರನ್ನು ಪಾಯದೊಳಗೇ ಕಾಲು ಚಾಚಿ ಕೂತು ಉಣ್ಣುತ್ತಿದ್ದೆವು.

ಗೋಡೆ ಎದ್ದ ಮೇಲೆ ಕೋಣೆಗಳಾದವು. ಬಾಗಿಲು ಬಂತು, ಹಾಕಿಕೊಳ್ಳುವುದೂ ರೂಢಿಯಾಯಿತು. ಅಕ್ಕ ಮದುವೆಯಾಗಿ ಹೋದಳು, ನಾನು ಬೆಂಗಳೂರು ಸೇರಿದೆ. ಅಪ್ಪ ಅಮ್ಮ ಇಬ್ಬರೂ ಆ ಮನೆಯಿಂದಲೇ ಹೊರಟರು. ನಾವೈವರೂ ಒಟ್ಟಿಗೆ ಅಷ್ಟು ಹೊತ್ತು, ಅಷ್ಟು ಹತ್ತಿರ ಇದ್ದದ್ದು ಗೋಡೆಯೇ ಇಲ್ಲದ ಆ ದಿನಗಳಲ್ಲಿ ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಗುಂಡಿ ತೋಡಿಸಿದಾಗ ಅಕ್ಕನೂ ಬಂದಿದ್ದಳು. ನಾಲ್ಕಡಿ, ಐದಡಿ ಇಳಿದರೂ ಕಲ್ಲು ಮುಗಿಯಲಿಲ್ಲ. ಇಂಜಿನಿಯರು ಟೇಪು ಸುತ್ತಿಕೊಳ್ಳುತ್ತ, "ಇಷ್ಟು ಆಳ ಯಾರು ಹಾಕಿಸಿದ್ದು?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೇಳಲು ಬಾಯಿ ಬರಲಿಲ್ಲ. ಮೂವರೂ ಒಬ್ಬೊಬ್ಬರಾಗಿ ಗುಂಡಿಗೆ ಇಳಿದೆವು. ಎರಡು ಕಲ್ಲಿನ ನಡುವೆ ಅಂಗೈಯಗಲದ ಚಕ್ಕೆಯೊಂದು ಬಿಗಿಯಾಗಿ ಕೂತಿತ್ತು. "ಇದು ನಾನು ಕೊಟ್ಟಿದ್ದು" ಅಂದಳು ಅಕ್ಕ. ನಾನು ಅಂದೆ ನಾನು, ತಮ್ಮ ಅಂದ ತಾನು.

ಮುಚ್ಚುವಾಗ ಆಳುಗಳನ್ನು ಸ್ವಲ್ಪ ನಿಲ್ಲಿಸಿ, ಮೊದಲ ಮೂರು ಬಾಂಡ್ಲಿ ಮಣ್ಣನ್ನು ನಾವೇ ಹಾಕಿದೆವು.