ನೂರ ಮೂವತ್ತು ಸುತ್ತಿನ ಕಂಬ

ಊರಿನ ಮನೆ ಮಾರಿ ಬೆಂಗಳೂರಿನಲ್ಲಿ ಮಗನ ಫ್ಲಾಟಿಗೆ ಬಂದಾಗ ನನ್ನ ಹ್ಯಾಮ್ ರೇಡಿಯೋ ಬಂತು, ಆಂಟೆನಾ ಬರಲಿಲ್ಲ. ನಾವು ಮಾತಾಡುವ 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಂತಿಯನ್ನು ನೇರವಾಗಿ ಎಳೆದು ಕಟ್ಟಬೇಕು. ಊರಿನಲ್ಲಿ ಎರಡು ತೆಂಗಿನಮರಗಳಿದ್ದವು. ಇಲ್ಲಿ ತಾರಸಿಯ ಒಂದು ಮೂಲೆಯಲ್ಲಿ ಕಂಬ ನಿಲ್ಲಿಸಲು ಮಾತ್ರ ಒಪ್ಪಿಗೆ ಸಿಕ್ಕಿತು.

ನಾಗಪುರದಲ್ಲಿ ಮಗಳ ಮನೆಯಲ್ಲಿರುವ ನನ್ನ ಗೆಳೆಯ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾನೆ. ಬೆಳಿಗ್ಗೆ ಆರೂವರೆಗೆ ನಮ್ಮಿಬ್ಬರ ಮಾತು. ಫೋನು ಯಾಕಾಗದು ಎಂದು ಮಗ ಕೇಳಿದ. ಅವನಿಗೆ ಹೇಗೆ ಹೇಳುವುದು!

ಎಂಟಡಿಯ ಪಿವಿಸಿ ಪೈಪು ತಂದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಎನಾಮಲ್ ತಂತಿ ಬಂತು. ಮೊಮ್ಮಗಳು ಪೈಪು ತಿರುಗಿಸುತ್ತ ಎಣಿಸಿದಳು, ನಾನು ಸುತ್ತಿದೆ. ಸುಮಾರು 130 ಸುತ್ತು. ತುದಿಗೆ ಒಂದು ಸೈಕಲ್ ಕಡ್ಡಿ. ಕೋಆಕ್ಸ್ ಕೇಬಲ್ಲಿನ ನಡುತಂತಿಯನ್ನು ಸುರುಳಿಯ ಬುಡಕ್ಕೂ ಹೊರಜಾಲರಿಯನ್ನು ನೆಲಕ್ಕಿಳಿದ ಒಂದೇ ತಂತಿಗೂ ಸೇರಿಸಿದೆ. ಮೀಟರು ಎಸ್‌ಡಬ್ಲ್ಯುಆರ್ 1.2 ತೋರಿಸಿತು. 1 ಎಂದರೆ ಪೂರ್ಣ ಹೊಂದಾಣಿಕೆ. ಹಿಗ್ಗಿದೆ.

ಮರುದಿನ ಗೆಳೆಯನಿಗೆ ನಾನು ಕೇಳಿಸಲೇ ಇಲ್ಲ. ಮೂರು ದಿನ ಹಾಗೇ ಆಯಿತು. ಅವನು ನನ್ನನ್ನು ಕರೆಯುವುದು ನನಗೆ ಕೇಳುತ್ತಿತ್ತು, ನನ್ನ ಉತ್ತರ ಅವನಿಗೆ ತಲುಪುತ್ತಿರಲಿಲ್ಲ. ನಾಲ್ಕನೆಯ ದಿನ ಅವನು ಬೇಗನೆ ಮಾತು ಮುಗಿಸಿಬಿಟ್ಟ.

ಬ್ಯಾಂಕಿನಲ್ಲಿ ಕೆಲವೊಮ್ಮೆ ಹೀಗಾಗುತ್ತಿತ್ತು. ಲೆಡ್ಜರ್ ತಾಳೆಯಾಗುತ್ತದೆ, ಆದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿರುತ್ತವೆ. ಇಲ್ಲಿಯೂ ಅದೇ. ಇಂಥ ಗಿಡ್ಡ ಆಂಟೆನಾದ ವಿಕಿರಣ ರೋಧ ಕೆಲವೇ ಓಮ್. ಕೇಬಲ್ಲಿಗೆ ಬೇಕಾದದ್ದು 50. ಉಳಿದದ್ದನ್ನು ಕೆಟ್ಟ ಅರ್ಥಿಂಗ್ ತುಂಬಿಕೊಟ್ಟಿತ್ತು! ಶಕ್ತಿಯ ಬಹುಪಾಲು ಆಕಾಶಕ್ಕೆ ಹೋಗದೆ ಬರೀ ಶಾಖವಾಗುತ್ತಿತ್ತು.

ತಾರಸಿಯ ಮೇಲೆ ಕಂಬದ ಬುಡದಿಂದ ಸುತ್ತಲೂ 16 ತಂತಿ ಹರಡಿದೆ. ಮೀಟರು 2.5ಕ್ಕೆ ಏರಿತು. "ತಾತ, ಕೆಟ್ಟೋಯ್ತು" ಎಂದಳು ಮೊಮ್ಮಗಳು. ಇಲ್ಲ ಪುಟ್ಟಿ, ಈಗಷ್ಟೇ ನಿಜ ಹೇಳುತ್ತಿದೆ ಎಂದೆ. ಸುರುಳಿಯ ಬುಡವನ್ನು ಆ ತಂತಿಗಳಿಗೆ ಬೆಸೆದು, ಕೇಬಲ್ಲಿನ ನಡುತಂತಿಯನ್ನು ಕೆಲವು ಸುತ್ತು ಮೇಲಕ್ಕೆ ಸಿಕ್ಕಿಸುತ್ತ ಹೋದೆವು. ಎನಾಮಲ್ ಕೆರೆಯುವ ಕೆಲಸ ಅವಳದು. ಕಡ್ಡಿಯನ್ನೂ ಅಷ್ಟಿಷ್ಟು ಕತ್ತರಿಸಿ 1.3ಕ್ಕೆ ತಂದೆವು.

(ಮಕ್ಕಳೇ, 12 ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ಇವಳಿಗೆ ಇನ್ನೂ ಒಂದು ವರ್ಷವಿದೆ.)

ಮರುದಿನ ಆರೂವರೆಗೆ ಕರೆದೆ. ಸದ್ದಿನ ನಡುವೆ ಅವನ ದನಿ ಬಂತು. ತೆಂಗಿನಮರದ ಕಾಲದಷ್ಟು ಜೋರಿಲ್ಲ, ಆದರೆ ಪ್ರತಿ ಮಾತೂ ತಿಳಿಯುತ್ತಿದೆ ಎಂದ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಗಂಟೆ ಬರೆದುಕೊಂಡಳು. ಆಮೇಲೆ ಅವನು ನನ್ನ ಮಂಡಿನೋವು ಹೇಗಿದೆ ಎಂದು ಕೇಳಿದ.